ಜೇಮ್ಸ್ ಜೇಮರ್ಸನ್: ಒಂದೇ ಬೆರಳಿನ ಮಂದ್ರನಾದ

1960ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆ ಹೊರತಂದ ಹಾಡುಗಳಿಗೆ ತಮ್ಮದೇ ಆದ ನಡೆಯನ್ನು ಕೊಟ್ಟದ್ದು ಬಹುಮಟ್ಟಿಗೆ ಜೇಮ್ಸ್ ಜೇಮರ್ಸನ್ ಅವರ ಬೇಸ್ ಗಿಟಾರ್, ಅಂದರೆ ಮಂದ್ರ ಸ್ಥಾಯಿಯಲ್ಲಿ ನುಡಿಯುವ ನಾಲ್ಕು ತಂತಿಗಳ ವಿದ್ಯುತ್ ಗಿಟಾರ್. ಮೊದಲಿಗೆ ನಿಂತು ನುಡಿಸುವ ದೊಡ್ಡ ಡಬಲ್ ಬೇಸ್‌ನ ವಾದಕರಾಗಿದ್ದ ಅವರು, 1962ರ ಫೆಂಡರ್ ಪ್ರಿಸಿಷನ್ ವಾದ್ಯವನ್ನೂ ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. ಚಪ್ಪಟೆ ಲೋಹಪಟ್ಟಿಯನ್ನು ಸುತ್ತಿದ ನುಣುಪು ಮೈಯ ದಪ್ಪ ತಂತಿಗಳನ್ನು ಅವರು ಬದಲಾಯಿಸುತ್ತಿದ್ದುದೇ ಅಪರೂಪ. ಜೊತೆಗೆ ತಂತಿಗಳನ್ನು ಹೊರುವ ಕುದುರೆಯ ಮುಚ್ಚಳದಡಿಯ ಫೋಮ್ ತುಂಡು ಅನುರಣನವನ್ನು ಬೇಗನೆ ಅಡಗಿಸುತ್ತಿದ್ದುದರಿಂದ, ಪ್ರತಿ ಸ್ವರವೂ ದುಂಡಗೆ, ಗಿಡ್ಡಗೆ, ಡಬಲ್ ಬೇಸ್‌ನ ಮರದ ದನಿಗೆ ಹತ್ತಿರವಾಗಿ ಕೇಳಿಸುತ್ತದೆ.

ಈ ನಾದದ ಪೂರ್ಣ ವೈಭವವಿರುವುದು ಫೋರ್ ಟಾಪ್ಸ್ ತಂಡದ ‘ಬರ್ನಡೆಟ್’ (1967) ಹಾಡಿನಲ್ಲಿ: ಬೇಸ್ ಇಲ್ಲಿ ಆಧಾರ ಸ್ವರಕ್ಕೆ ಅಂಟಿಕೊಳ್ಳದೆ, ಪಕ್ಕದ ಸ್ವರಗಳನ್ನು ತಾಗುತ್ತ, ತಾಳದ ಪೆಟ್ಟುಗಳ ನಡುವೆ ನುಸುಳುತ್ತ, ಗಾಯಕನ ಆರ್ತತೆಗೆ ಎರಡನೆಯ ಕಂಠವಾಗಿ ನಿಲ್ಲುತ್ತದೆ. ಸ್ಟೀವಿ ವಂಡರ್ ಅವರ ಅದೇ ವರ್ಷದ ‘ಐ ವಾಸ್ ಮೇಡ್ ಟು ಲವ್ ಹರ್’ ಕೂಡ ಕೇಳಲೇಬೇಕಾದ ಮುದ್ರಿಕೆ. ಆದರೆ ಇಂಥ ವಾದಕರ ಹೆಸರುಗಳನ್ನು ಮೋಟೌನ್ ಬಹುಕಾಲ ಮುದ್ರಿಸಲಿಲ್ಲವೆಂಬುದು ನೋವಿನ ಸಂಗತಿ. ಜೇಮರ್ಸನ್ ಅವರ ಹೆಸರು ಗೌರವದಿಂದ ಅಚ್ಚಾದದ್ದು 1971ರಲ್ಲಿ, ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಮ್ಮಿನ ಹೊದಿಕೆಯ ಮೇಲೆ.