ಹೊರಡುವ ದತ್ತಾಂಶದಲ್ಲಿ ಒಳಗುಟ್ಟು ಬೇಡ

ಪರೀಕ್ಷಾ ಫಲಿತಾಂಶ ನೀಡುವ ಜಾಲತಾಣವೊಂದನ್ನು ಊಹಿಸಿಕೊಳ್ಳಿ. ನೋಂದಣಿ ಸಂಖ್ಯೆ ನಮೂದಿಸಿದೊಡನೆ ಪರದೆಯ ಮೇಲೆ ವಿದ್ಯಾರ್ಥಿಯ ಹೆಸರು, ಅಂಕಗಳು ಮೂಡುತ್ತವೆ. ಸರ್ವರ್‌ನಿಂದ ಬಂದದ್ದು ಇಷ್ಟೇ ಏನು? ಬ್ರೌಸರ್‌ನಲ್ಲಿರುವ ‘ಡೆವಲಪರ್ ಟೂಲ್ಸ್’ ತೆರೆದು ನೋಡಿದರೆ ಪೋಷಕರ ದೂರವಾಣಿ ಸಂಖ್ಯೆ, ಗುಪ್ತಪದದ ಹ್ಯಾಷ್, ದಾಖಲೆಯನ್ನು ತಿದ್ದಿದವರ ಗುರುತು ಇವೆಲ್ಲವೂ ಬಂದಿರಬಹುದು! ಪರದೆಯ ಮೇಲೆ ತೋರಿಸದಿರುವುದು ಬೇರೆ, ಕಳುಹಿಸದಿರುವುದು ಬೇರೆ.

ಕ್ರಮವಿಧಿಯು ಮಾಹಿತಿಯನ್ನು ಸ್ಮೃತಿಯಲ್ಲಿ ‘ಆಬ್ಜೆಕ್ಟ್’ಗಳ ರೂಪದಲ್ಲಿ ಇಟ್ಟುಕೊಳ್ಳುತ್ತದೆ. ಜಾಲದ ಮೂಲಕ ಸಾಗಬೇಕಾದರೆ ಅದು ಅಕ್ಷರಗಳ ಸಾಲಾಗಬೇಕು. ಮಂಚವನ್ನು ಬಿಚ್ಚಿ, ಕಟ್ಟಿ, ಹೊಸ ಮನೆಯಲ್ಲಿ ಮತ್ತೆ ಜೋಡಿಸಿದಂತೆ. ಈ ಬಿಚ್ಚಿ ಕಟ್ಟುವ ಕೆಲಸವೇ ಸೀರಿಯಲೈಸೇಷನ್. ಜಾಲತಾಣಗಳಲ್ಲಿ ಇದಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವ ರೂಪ ‘ಜೇಸನ್’.

ಜಾವಾಸ್ಕ್ರಿಪ್ಟ್‌ನ ‘ಸ್ಟ್ರಿಂಗಿಫೈ’ ಆದೇಶವು ಆಬ್ಜೆಕ್ಟ್‌ನ ಎಣಿಕೆಗೆ ಸಿಗುವ ಗುಣಗಳನ್ನೆಲ್ಲ ಕಟ್ಟಿಬಿಡುತ್ತದೆ. ಒಳಬಳಕೆಯ ಗುಣದ ಹೆಸರಿನ ಹಿಂದೆ ಅಡಿಗೆರೆ ಹಾಕುವ ರೂಢಿಯಿದೆ. ಆದರೆ ಅದು ಸಹೋದ್ಯೋಗಿಗಳಿಗೆ ನೀಡುವ ಸೂಚನೆಯಷ್ಟೆ. ಗಣಕ ಅದನ್ನು ಲೆಕ್ಕಿಸುವುದಿಲ್ಲ.

ಹಾಗಾದರೆ ಮರೆಮಾಡುವುದು ಹೇಗೆ? ಮೂರು ದಾರಿಗಳಿವೆ. 2009ರ ಆವೃತ್ತಿಯಿಂದ ಗುಣವೊಂದನ್ನು ‘ಎಣಿಕೆಗೆ ಸಿಗದ್ದು’ ಎಂದು ಘೋಷಿಸಬಹುದು. 2015ರಲ್ಲಿ ಬಂದ ‘ಸಿಂಬಲ್’ ಅನ್ನು ಗುಣದ ಹೆಸರಾಗಿ ಬಳಸಿದರೆ ಜೇಸನ್ ಅದನ್ನು ಬಿಟ್ಟುಬಿಡುತ್ತದೆ. 2022ರ ಆವೃತ್ತಿಯಲ್ಲಿ ಸೇರಿದ, ಹ್ಯಾಷ್ ಚಿಹ್ನೆಯಿಂದ ಆರಂಭವಾಗುವ ಖಾಸಗಿ ಗುಣಗಳು ಕ್ಲಾಸ್‌ನ ಹೊರಗಿನ ಸಂಕೇತಗಳಿಗೆ ಸಿಗುವುದೇ ಇಲ್ಲ. ಜಾವಾದಲ್ಲಿ ಇಂಥದೇ ಕೆಲಸಕ್ಕೆ ‘ಟ್ರಾನ್ಸಿಯೆಂಟ್’ ಎಂಬ ಪದವಿದೆ.

ಈ ದಾರಿಗಳ ನಡುವೆ ವ್ಯತ್ಯಾಸವೂ ಉಂಟು. ಆಬ್ಜೆಕ್ಟ್ ಅನ್ನು ‘ಅಸೈನ್’ ಆದೇಶದಿಂದ ನಕಲು ಮಾಡಿದಾಗ ಸಾಮಾನ್ಯ ಸಿಂಬಲ್ ಗುಣ ನಕಲಿಗೂ ಬರುತ್ತದೆ. ಎಣಿಕೆಗೆ ಸಿಗದ ಗುಣ ಬರುವುದಿಲ್ಲ. ಒಳಗಿನ ಟಿಪ್ಪಣಿ ನಕಲಿನಲ್ಲೂ ಉಳಿಯಬೇಕೇ ಎಂಬುದನ್ನು ನೋಡಿ ಆಯ್ಕೆ ಮಾಡಬೇಕು.

ಇಷ್ಟಾದರೂ ‘ಇವನ್ನು ಕಳುಹಿಸಬೇಡ’ ಎಂಬ ಪಟ್ಟಿಗೆ ಒಂದು ದೌರ್ಬಲ್ಯವಿದೆ. ನಾಳೆ ದತ್ತಸಂಚಯಕ್ಕೆ ಹೊಸ ಅಂಕಣವೊಂದು ಸೇರಿ, ಪಟ್ಟಿಗೆ ಅದನ್ನು ಸೇರಿಸಲು ಮರೆತರೆ ಗುಟ್ಟು ಸದ್ದಿಲ್ಲದೆ ಹೊರಬೀಳುತ್ತದೆ. ‘ಇವನ್ನು ಮಾತ್ರ ಕಳುಹಿಸು’ ಎಂಬ ಪಟ್ಟಿಯಲ್ಲಿ ಮರೆವಾದರೆ ಬೇಕಾದ ಮಾಹಿತಿ ಕಾಣದೆ ತಪ್ಪು ಕೂಡಲೇ ಗೊತ್ತಾಗುತ್ತದೆ. ಆದ್ದರಿಂದ ಎರಡನೆಯದೇ ಕ್ಷೇಮ. ಸ್ಟ್ರಿಂಗಿಫೈಗೆ ಎರಡನೆಯ ಮಾಹಿತಿಯಾಗಿ ಹೆಸರುಗಳ ಪಟ್ಟಿ ಕೊಟ್ಟರೆ ಅವು ಮಾತ್ರ ಹೊರಡುತ್ತವೆ. ಆಬ್ಜೆಕ್ಟ್‌ನಲ್ಲೇ ‘ಟುಜೇಸನ್’ ವಿಧಾನವನ್ನು ಬರೆದಿಟ್ಟರೂ ಆದೀತು.

ಅಂತರಜಾಲ ಸುರಕ್ಷತೆಗೆ ದುಡಿಯುವ ‘ಓವಾಸ್ಪ್’ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಎಪಿಐ ಅಪಾಯಗಳ ಪಟ್ಟಿಯಲ್ಲಿ ಅಗತ್ಯಕ್ಕಿಂತ ಹೆಚ್ಚು ದತ್ತಾಂಶ ಬಯಲಾಗುವುದಕ್ಕೆ ಮೂರನೆಯ ಸ್ಥಾನವಿತ್ತು.

ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಂದ ಒಂದು ಆಬ್ಜೆಕ್ಟ್ ಬರೆಸಿ, ಸ್ಟ್ರಿಂಗಿಫೈ ಮಾಡಿಸಿ, ಹೊರಬಂದ ಸಾಲನ್ನು ಓದಿಸಿ. ಕಳುಹಿಸುವ ಮೊದಲು ಕಟ್ಟನ್ನು ಬಿಚ್ಚಿ ನೋಡುವ ಅಭ್ಯಾಸ ಅಲ್ಲಿಂದಲೇ ಬೆಳೆಯಲಿ.