ಚರ್ಮದ ಉರಿಯೂತ ಮತ್ತು ಸ್ಟೆರಾಯ್ಡ್ ಲೇಪಗಳು: ಒಂದು ಐತಿಹಾಸಿಕ ವಿವೇಚನೆ

ಇಸಬು, ಸೋರಿಯಾಸಿಸ್ ಮೊದಲಾದ ಚರ್ಮದ ಉರಿಯೂತಗಳಿಗೆ ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ವೈದ್ಯರಲ್ಲಿದ್ದ ಲೇಪಗಳೆಂದರೆ ಮುಖ್ಯವಾಗಿ ಕಲ್ಲಿದ್ದಲ ಟಾರು, ಗಂಧಕ ಮತ್ತು ಸತುವಿನ ಮುಲಾಮುಗಳು. ಇವುಗಳ ಸ್ಥಾನಕ್ಕೆ ಕಾರ್ಟಿಕೊಸ್ಟೆರಾಯ್ಡುಗಳು ಬಂದ ವೃತ್ತಾಂತವನ್ನು ಇತಿಹಾಸದ ವಿದ್ಯಾರ್ಥಿಗಳಾದ ನಾವು ಇಲ್ಲಿ ಪರಿಶೀಲಿಸಲು ಹೊರಟಿರುವುದಕ್ಕೆ ಕಾರಣವುಂಟು. ಲೇಪದ ಪರಿಣಾಮವು ಔಷಧವನ್ನು ಮಾತ್ರವಲ್ಲ, ಅದನ್ನು ಹಚ್ಚುವ ಸ್ಥಳವನ್ನೂ ಅವಲಂಬಿಸಿದೆಯೆಂಬುದು 1967ರಲ್ಲಿಯೇ ಅಳತೆಗೆ ಸಿಕ್ಕಿದ್ದರೂ, ಬಳಕೆಯಲ್ಲಿ ಅದಕ್ಕೆ ಸಲ್ಲಬೇಕಾದ ಗಮನವು ಸಲ್ಲಲಿಲ್ಲ.

1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೊ ಚಿಕಿತ್ಸಾಲಯದಲ್ಲಿ ಫಿಲಿಪ್ ಹೆಂಚ್ ಅವರು, ತಮ್ಮ ಸಹೋದ್ಯೋಗಿ ಎಡ್ವರ್ಡ್ ಕೆಂಡಾಲರು ಅಡ್ರಿನಲ್ ಗ್ರಂಥಿಯಲ್ಲಿ ಗುರುತಿಸಿದ್ದ ಕಾರ್ಟಿಸೋನನ್ನು ಕೀಲುವಾತದ ರೋಗಿಯೊಬ್ಬಳಿಗೆ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ನಡೆದಾಡತೊಡಗಿದಳು. 1950ರಲ್ಲಿ ಇವರಿಬ್ಬರಿಗೂ ಸ್ವಿಟ್ಜರ್ಲೆಂಡಿನ ಟಾಡಿಯುಸ್ ರೈಖ್‌ಸ್ಟೈನರಿಗೂ ನೊಬೆಲ್ ಪಾರಿತೋಷಕವು ದೊರೆಯಿತು. ಆದರೆ ಅದೇ ಕಾರ್ಟಿಸೋನನ್ನು ಚರ್ಮಕ್ಕೆ ಹಚ್ಚಿದಾಗ ಫಲ ಕಾಣಲಿಲ್ಲ. 1952ರಲ್ಲಿ ಸಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ಅಮೆರಿಕದ ವೈದ್ಯರು ಹೈಡ್ರೊಕಾರ್ಟಿಸೋನನ್ನು ಲೇಪಿಸಿ ಇಸಬನ್ನು ಶಮನಗೊಳಿಸಿದರು. ಕಾರ್ಟಿಸೋನು ತಾನಾಗಿ ನಿಷ್ಕ್ರಿಯವಾದುದು. ದೇಹದೊಳಗೆ ಯಕೃತ್ತು ಅದನ್ನು ಹೈಡ್ರೊಕಾರ್ಟಿಸೋನನ್ನಾಗಿ ಮಾರ್ಪಡಿಸಬೇಕು. ಚರ್ಮದಲ್ಲಿ ಆ ಕಾರ್ಯವು ಸಾಕಷ್ಟು ನಡೆಯದು. ಸಿದ್ಧರೂಪದ ಹೈಡ್ರೊಕಾರ್ಟಿಸೋನಾದರೋ ಜೀವಕೋಶವನ್ನು ಹೊಕ್ಕು, ಅಲ್ಲಿನ ಗ್ರಾಹಕವೊಂದನ್ನು ಕೂಡಿಕೊಂಡು, ಉರಿಯೂತದ ದ್ರವ್ಯಗಳ ಉತ್ಪತ್ತಿಯನ್ನು ತಗ್ಗಿಸುತ್ತದೆ.

ಮುಂದೆ ರಸಾಯನಜ್ಞರು ಇದರ ಅಣುವಿಗೆ ಫ್ಲೋರಿನನ್ನು ಸೇರಿಸಿ ಪ್ರಬಲತರವಾದ ಔಷಧಗಳನ್ನು ನಿರ್ಮಿಸಿದರು. 1962ರಲ್ಲಿ ಮೆಕೆಂಜಿ ಮತ್ತು ಸ್ಟೌಟನ್ ಎಂಬವರು, ಔಷಧವು ರಕ್ತನಾಳಗಳನ್ನು ಸಂಕುಚಿತಗೊಳಿಸಿ ಚರ್ಮವನ್ನು ಎಷ್ಟು ಬಿಳಿಚಿಸುತ್ತದೆ ಎಂಬುದರಿಂದ ಅದರ ಬಲವನ್ನು ತುಲನೆಮಾಡುವ ಸರಳ ವಿಧಾನವನ್ನು ಕಂಡುಕೊಂಡರು. ಈ ಸಾಲಿನಲ್ಲಿ ಅತ್ಯಂತ ಪ್ರಬಲವಾದ ಕ್ಲೊಬೆಟಸಾಲ್ 1970ರ ದಶಕದಲ್ಲಿ ಬಳಕೆಗೆ ಬಂದಿತು.

ನಮ್ಮ ದೃಷ್ಟಿಯಲ್ಲಿ ಇವೆಲ್ಲಕ್ಕಿಂತಲೂ ಮಹತ್ವದ್ದು ಫೆಲ್ಡ್‌ಮನ್ ಮತ್ತು ಮೈಬಾಕ್ ಅವರ 1967ರ ಪ್ರಯೋಗ. ವಿಕಿರಣದ ಗುರುತು ಹಾಕಿದ ಹೈಡ್ರೊಕಾರ್ಟಿಸೋನನ್ನು ಮೈಯ ಬೇರೆಬೇರೆ ಭಾಗಗಳಿಗೆ ಹಚ್ಚಿ, ಮೂತ್ರದಲ್ಲಿ ಹೊರಬಿದ್ದ ಪ್ರಮಾಣವನ್ನು ಅವರು ಅಳೆದರು. ಮುಂಗೈಯ ಚರ್ಮವು ಹೀರುವುದು 1 ಎಂದಿಟ್ಟುಕೊಂಡರೆ ಹಣೆಯದು 6, ದವಡೆಯ ಕೋನದ್ದು 13, ವೃಷಣಚರ್ಮದ್ದು 42. ಅಂಗಾಲಿನದು ಕೇವಲ 0.14. ಅಂಗಾಲಿಗೆ ಯೋಗ್ಯವಾದ ಲೇಪವು ಮುಖಕ್ಕೆ ಏಕೆ ಅಪಾಯಕರವೆಂಬುದಕ್ಕೆ ಬೇರೆ ವಾದ ಬೇಕಿಲ್ಲ.

ಹೀಗಿದ್ದರೂ ಭಾರತದಲ್ಲಿ ಈ ಲೇಪಗಳು ಹೆಚ್ಚಾಗಿ ಕೆಡಿಸಿದ್ದು ಮುಖವನ್ನೇ. ಇವು ಚರ್ಮದ ವರ್ಣದ್ರವ್ಯವನ್ನೂ ಕುಗ್ಗಿಸುವುದರಿಂದ, ಬಣ್ಣ ತಿಳಿಯಾಗಲೆಂದು ವೈದ್ಯರ ಚೀಟಿಯಿಲ್ಲದೆ ಕೊಂಡು ತಿಂಗಳುಗಟ್ಟಲೆ ಹಚ್ಚಿಕೊಂಡವರು ಅನೇಕರು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮುಖದ ಚರ್ಮರೋಗಕ್ಕಾಗಿ ಬಂದ 2,926 ಮಂದಿಯಲ್ಲಿ 433 ಮಂದಿ ಇವನ್ನು ಬಳಸುತ್ತಿದ್ದುದು ಕಂಡುಬಂದಿತು. ಚರ್ಮವು ತೆಳುವಾಗಿ ನಾಳಗಳು ಎದ್ದು ಕಾಣುತ್ತವೆ, ಮೊಡವೆಗಳೇಳುತ್ತವೆ. ಬಿಟ್ಟೊಡನೆ ಉರಿಯೂ ಕೆಂಪೂ ಮರಳುವುದರಿಂದ ರೋಗಿಯು ಮತ್ತೆ ಅದೇ ಟ್ಯೂಬನ್ನು ಹುಡುಕುತ್ತಾನೆ. ಹುಳುಕಡ್ಡಿಗೆ ಹಚ್ಚಿದವರ ಪಾಡು ಬೇರೆ: ತುರಿಕೆ ಅಡಗುತ್ತದೆ, ಶಿಲೀಂಧ್ರವು ಗುರುತು ಮರೆಸಿಕೊಂಡು ಹರಡುತ್ತದೆ. 1968ರಲ್ಲಿಯೇ ಬ್ರಿಟನ್ನಿನ ಐವ್ ಮತ್ತು ಮಾರ್ಕ್ಸ್ ಇದನ್ನು ವರ್ಣಿಸಿದ್ದರು. ಭಾರತ ಸರಕಾರವು 14 ಬಗೆಯ ಸ್ಟೆರಾಯ್ಡ್ ಲೇಪಗಳನ್ನು ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿದ್ದು 2018ರಲ್ಲಿ. ಐವತ್ತು ವರ್ಷಗಳ ತರುವಾಯ!

ಇದರಿಂದ ಸ್ಟೆರಾಯ್ಡೆಂಬ ಹೆಸರಿಗೇ ಬೆದರಿ, ಇಸಬಿನಿಂದ ರಾತ್ರಿಯಿಡೀ ಕೆರೆದುಕೊಳ್ಳುವ ಮಗುವಿಗೆ ವೈದ್ಯರು ಬರೆದುಕೊಟ್ಟ ಸೌಮ್ಯ ಲೇಪವನ್ನೂ ಹಚ್ಚದಿರುವ ತಾಯಿತಂದೆಗಳೂ ಉಂಟು. ಇದೂ ಅನ್ಯಾಯವೇ. ಅಳತೆಯ ತೊಡಕನ್ನು 1991ರಲ್ಲಿ ಲಾಂಗ್ ಮತ್ತು ಫಿನ್ಲೆ ಎಂಬವರು ಸುಲಭಗೊಳಿಸಿದರು: ವಯಸ್ಕನ ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಲೇಪವು ಸುಮಾರು ಅರ್ಧ ಗ್ರಾಮು, ಬೆರಳುಗಳೂ ಸೇರಿ ಎರಡು ಅಂಗೈಗಳಷ್ಟು ಅಗಲದ ಚರ್ಮಕ್ಕೆ ಅಷ್ಟು ಸಾಕು.