ಹುಣಸೆ ಬೀಜದ ಆಟದಲ್ಲಿ ಅಡಗಿದ ಗಣಿತ

ಚೌಕಾಬಾರದಲ್ಲಿ ಕವಡೆ ಬಿದ್ದಂತೆ ಆಟ ಸಾಗುತ್ತದೆ. ಆದರೆ ಚದುರಂಗ, ಹುಲಿ-ಕುರಿ ಆಟಗಳಲ್ಲಿ ಅದೃಷ್ಟಕ್ಕೆ ಎಡೆಯಿಲ್ಲ. ಎಲ್ಲ ಕಾಯಿಗಳೂ ಕಣ್ಣೆದುರಿಗೇ ಇರುತ್ತವೆ, ಇಬ್ಬರೂ ಸರದಿಯಂತೆ ನಡೆಸುತ್ತಾರೆ. ಇಂತಹ ಆಟಗಳನ್ನು ವಿವೇಚಿಸುವ ಗಣಿತ ಶಾಖೆಯೇ ಸಂಯೋಜನಾತ್ಮಕ ಆಟಗಳ ಸಿದ್ಧಾಂತ.

ಇದನ್ನು ಕಲಿಸಲು 21 ಹುಣಸೆ ಬೀಜಗಳು ಸಾಕು. ಪ್ರತಿ ಸರದಿಗೆ ಒಂದರಿಂದ ಮೂರು ಬೀಜ ತೆಗೆಯಬಹುದು. ಕೊನೆಯ ಬೀಜ ತೆಗೆದವರಿಗೆ ಗೆಲುವು. ಗುಟ್ಟು ಇರುವುದು ಕೊನೆಯಿಂದ ಹಿಂದಕ್ಕೆ ಯೋಚಿಸುವುದರಲ್ಲಿ. 4 ಬೀಜ ಉಳಿದಾಗ ಸರದಿ ಬಂದವರು ಎಷ್ಟೇ ತೆಗೆದರೂ ಮಿಕ್ಕಿದ್ದನ್ನು ಎದುರಾಳಿ ಒಮ್ಮೆಗೇ ಎತ್ತಿಕೊಳ್ಳಬಹುದು. 8, 12, 16, 20 ಕೂಡ ಇಂತಹವೇ ಸೋಲಿನ ಸ್ಥಿತಿಗಳು. ಆದ್ದರಿಂದ ಮೊದಲಿಗರು 1 ಬೀಜ ತೆಗೆದು, ಬಳಿಕ ಪ್ರತಿ ಬಾರಿಯೂ ಎದುರಾಳಿ ತೆಗೆದದ್ದಕ್ಕೆ ಸೇರಿ ನಾಲ್ಕಾಗುವಷ್ಟು ತೆಗೆಯುತ್ತಾ ಹೋದರೆ ಗೆಲುವು ನಿಶ್ಚಿತ.

ಜೋಡಿಯ ಗುಟ್ಟು

ಹಲವು ಗುಡ್ಡೆಗಳಿರುವ 'ನಿಮ್' ಆಟ ಇದಕ್ಕಿಂತ ಕಠಿಣ. ಇಲ್ಲಿ ಯಾವುದಾದರೂ ಒಂದು ಗುಡ್ಡೆಯಿಂದ ಎಷ್ಟು ಬೇಕಾದರೂ ತೆಗೆಯಬಹುದು. ಹಾರ್ವರ್ಡ್ ವಿಶ್ವವಿದ್ಯಾಲಯದ ಚಾರ್ಲ್ಸ್ ಬೌಟನ್ 1901ರಲ್ಲಿ ಇದನ್ನು ಸಂಪೂರ್ಣವಾಗಿ ಬಿಡಿಸಿದರು. ಗುಡ್ಡೆಗಳಲ್ಲಿ 3, 4, 5 ಬೀಜಗಳಿವೆ ಎನ್ನೋಣ. 3 ಎಂದರೆ 2+1. 5 ಎಂದರೆ 4+1. ಇಲ್ಲಿ 4ಕ್ಕೂ 1ಕ್ಕೂ ಜೋಡಿ ಇದೆ, 2 ಮಾತ್ರ ಒಂಟಿ. ಮೊದಲ ಗುಡ್ಡೆಯಿಂದ ಆ 2 ಬೀಜ ತೆಗೆದರೆ ಎಲ್ಲವೂ ಜೋಡಿಯಾಗುತ್ತವೆ. ಎದುರಾಳಿಯ ಯಾವುದೇ ನಡೆ ಜೋಡಿಯನ್ನು ಒಡೆಯುತ್ತದೆ. ಅದನ್ನು ಮತ್ತೆ ಸರಿಪಡಿಸುವ ನಡೆ ಸದಾ ಇದ್ದೇ ಇರುತ್ತದೆ.

ಇಬ್ಬರಿಗೂ ಒಂದೇ ಬಗೆಯ ನಡೆಗಳಿದ್ದು, ನಡೆಯಿಲ್ಲದವರು ಸೋಲುವ, ಮುಗಿಯಲೇಬೇಕಾದ ಪ್ರತಿಯೊಂದು ಆಟದ ಸ್ಥಿತಿಯೂ ಒಂದು ನಿಮ್ ಗುಡ್ಡೆಗೆ ಸಮ ಎಂಬುದನ್ನು ರೋಲಂಡ್ ಸ್ಪ್ರಾಗ್ 1935ರಲ್ಲಿ, ಪ್ಯಾಟ್ರಿಕ್ ಗ್ರಂಡಿ 1939ರಲ್ಲಿ ಪ್ರತ್ಯೇಕವಾಗಿ ತೋರಿಸಿದರು.

ಕಲಿಸುವುದು ಹೇಗೆ?

ಸೂತ್ರವನ್ನು ಮೊದಲೇ ಹೇಳಿಬಿಟ್ಟರೆ ಆಟವೂ ಉಳಿಯದು, ಗಣಿತವೂ ಉಳಿಯದು. ಮಕ್ಕಳು ನಾಲ್ಕಾರು ಬಾರಿ ಸೋತು, ಸೋಲಿನ ಸಂಖ್ಯೆಗಳ ಪಟ್ಟಿ ಬರೆದು, ಕಾರಣವನ್ನು ತಮ್ಮದೇ ಮಾತಿನಲ್ಲಿ ವಿವರಿಸಬೇಕು. ಆಗ ಅವರು ಒಂದು ಪ್ರಮೇಯವನ್ನು ಸಾಧಿಸಿದಂತೆಯೇ. ಬಳಿಕ ನಿಯಮ ಬದಲಿಸಿ, ನಾಲ್ಕು ಬೀಜದವರೆಗೆ ತೆಗೆಯಬಹುದು ಎಂದರೆ ಬಾಯಿಪಾಠ ಮಾಡಿದವರು ಎಡವುತ್ತಾರೆ. ಕಾರಣ ತಿಳಿದವರು ಐದರ ಅಪವರ್ತ್ಯಗಳನ್ನು ಹುಡುಕುತ್ತಾರೆ. ಸೂತ್ರದ ಭಯದಿಂದ ಗಣಿತ ಬಿಡುವ ಮಗುವಿಗೆ ಈ ವ್ಯತ್ಯಾಸವೇ ದೊಡ್ಡದು.

ಎಲ್ಲ ಆಟಗಳೂ ಇಷ್ಟು ಸುಲಭವಾಗಿ ಮಣಿಯುವುದಿಲ್ಲ. ಇಬ್ಬರೂ ತಪ್ಪಿಲ್ಲದೆ ಆಡಿದರೆ ಚೆಕರ್ಸ್ ಸಮಬಲದಲ್ಲಿ ಮುಗಿಯುತ್ತದೆ ಎಂದು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ತಂಡ 2007ರಲ್ಲಿ ಕಂಪ್ಯೂಟರ್ ನೆರವಿನಿಂದ ಸಾಧಿಸಿತು. ಚದುರಂಗಕ್ಕೆ ಅಂತಹ ಉತ್ತರ ಇನ್ನೂ ದೊರೆತಿಲ್ಲ.